ವಳ್ಳಿಯ ಹೊಳೆ, ವಳ್ಳಿಯ ಬೆಟ್ಟ

ತೈ ಹುಣ್ಣಿಮೆಗೆ ಇನ್ನು ಎರಡೇ ದಿನ. ಕೊಯಮತ್ತೂರು ಜಿಲ್ಲೆಯ ಆಳಿಯಾರ್ ಹೊಳೆಯ ಎರಡೂ ದಡದ ತೆಂಗಿನ ತೋಟಗಳಲ್ಲಿ ಬಿಸಿಲು ಓರೆಯಾಗಿದೆ. ದಕ್ಷಿಣಕ್ಕೆ ಆನೈಮಲೈ ಬೆಟ್ಟಸಾಲು ನೀಲಿಯಿಂದ ಕಪ್ಪಿಗೆ ತಿರುಗುತ್ತಿದೆ. ಆನೈಮಲೈ ಪಟ್ಟಣದಿಂದ ಹೊಳೆಯ ಜಾಡು ಹಿಡಿದು ಕೆಳಗೆ ಬಂದರೆ ಸಿಗುವ ಈ ಪುಟ್ಟ ಊರಿನಲ್ಲಿ, ಮಾರಿಯಮ್ಮನ ಗುಡಿಯ ಮುಂದಿನ ಬಯಲನ್ನು ಬೆಳಿಗ್ಗೆಯೇ ಗುಡಿಸಿ ನೀರು ಚಿಮುಕಿಸಿದ್ದಾರೆ. ಬಯಲಿನ ಸುತ್ತ ಬೊಂಬು ನೆಟ್ಟು ಟ್ಯೂಬ್‌ಲೈಟ್ ಕಟ್ಟಿದ್ದಾರೆ. ಬಾಡಿಗೆಗೆ ತಂದ ಪ್ಲಾಸ್ಟಿಕ್ ಕುರ್ಚಿಗಳನ್ನು ಹುಡುಗರು ಟೆಂಪೋದಿಂದ ಇಳಿಸುತ್ತಿದ್ದಾರೆ. ಮುಖ್ಯರಸ್ತೆಯಲ್ಲಿ ಹಸಿರು ಪಂಚೆಯುಟ್ಟ ಕಾವಡಿಯವರು ಗುಂಪು ಗುಂಪಾಗಿ ಪಳನಿಯ ದಾರಿ ಹಿಡಿದು ನಡೆದಿದ್ದಾರೆ. ಅವರ ‘ಹರೋಹರ’ ತೋಟ ದಾಟಿ ಇಲ್ಲಿಯವರೆಗೂ ಬರುತ್ತದೆ.

ವಳ್ಳಿಯ ಕಥೆಯನ್ನು ಚಪ್ಪಾಳೆ ತಟ್ಟಿ ಹಾಡಿ ಕುಣಿಯುವ ಈ ಊರಿನ ವಳ್ಳಿಕುಮ್ಮಿ ತಂಡದ ರಂಗಪ್ರವೇಶ ಇವತ್ತು. ಎರಡು ಮೂರು ತಿಂಗಳಿಂದ ರಾತ್ರಿ ಊಟವಾದ ಮೇಲೆ ಇದೇ ಬಯಲಲ್ಲಿ ಅಭ್ಯಾಸ ನಡೆದಿದೆ. ಹಗಲೆಲ್ಲ ತೆಂಗಿನ ನಾರಿನ ಕಾರ್ಖಾನೆಯಲ್ಲಿ ದುಡಿದ ಹೆಂಗಸರು, ಪೊಳ್ಳಾಚಿಯ ಕಾಲೇಜಿಗೆ ಬಸ್ಸಿನಲ್ಲಿ ಹೋಗಿಬರುವ ಹುಡುಗಿಯರು, ಹೊಲದಿಂದ ನೇರವಾಗಿ ಬಂದ ಗಂಡಸರು ಎಲ್ಲರೂ ಒಂದೇ ಹೆಜ್ಜೆ ಕಲಿತಿದ್ದಾರೆ. ಕಲಿಸಿದವರನ್ನು ಊರವರು ‘ವಾದ್ಯಾರ್’ ಎನ್ನುತ್ತಾರೆ. ಅರುವತ್ತು ದಾಟಿದ ತೆಳ್ಳನೆ ಮನುಷ್ಯ. ಬಿಳಿ ಪಂಚೆ, ಸೊಂಟಕ್ಕೆ ಬಿಗಿದ ಹಸಿರು ವಸ್ತ್ರ, ಹಣೆಯ ತುಂಬ ವಿಭೂತಿ. ಅವರ ಬಾಯಲ್ಲಿ ನೂರಾರು ಹಾಡುಗಳಿವೆ. ಕೈಯಲ್ಲಿ ಪುಸ್ತಕವಿಲ್ಲ.

ಕತ್ತಲು ಕವಿದಂತೆ ವೃತ್ತ ಕಟ್ಟಿಕೊಂಡಿತು. ಹೊರಸುತ್ತಿನಲ್ಲಿ ಹೆಂಗಸರು, ಒಳಸುತ್ತಿನಲ್ಲಿ ಗಂಡಸರು, ನಡುವೆ ವಾದ್ಯಾರ್. ಅಜ್ಜಿಯ ಪಕ್ಕದಲ್ಲಿ ಮೊಮ್ಮಗಳು, ಅವಳ ಪಕ್ಕದಲ್ಲಿ ಊರಿನ ಶಾಲೆಯ ಶಿಕ್ಷಕಿ. ಎಲ್ಲರಿಗೂ ಒಂದೇ ಬಣ್ಣದ ಸೀರೆ. ವಾದ್ಯಾರ್ ಗಣಪತಿಗೆ ಮೊದಲ ಹಾಡು ಎತ್ತಿದರು. ಹಾಡಿನ ಎರಡನೆಯ ಸಾಲಿಗೆ ಬಯಲಿಡೀ ಒಮ್ಮೆಗೇ ಬಾಗಿ ಮೊಣಕಾಲಿನ ಮಟ್ಟದಲ್ಲಿ ಚಪ್ಪಾಳೆ ತಟ್ಟಿತು. ಮುಂದಕ್ಕೆ ಎರಡು ಹೆಜ್ಜೆ, ಹಿಂದಕ್ಕೆ ಒಂದು, ಪಕ್ಕಕ್ಕೆ ತಿರುಗಿ ಎದೆಯ ಮಟ್ಟದಲ್ಲಿ ಇನ್ನೊಂದು ಚಪ್ಪಾಳೆ. ಹಾಡು ಬದಲಾದರೆ ಹೆಜ್ಜೆಯೂ ಬದಲಾಗುತ್ತದೆ. ಯಾವ ಹಾಡಿಗೆ ಯಾವ ಹೆಜ್ಜೆ ಎಂದು ಯಾರೂ ಕೂಗಿ ಹೇಳುವುದಿಲ್ಲ, ವಾದ್ಯಾರ್ ತಾಳ ಎತ್ತಿದ ರೀತಿಯಲ್ಲೇ ಕಾಲಿಗೆ ಗೊತ್ತಾಗಬೇಕು. ತಪ್ಪಿದ ಹುಡುಗಿಯನ್ನು ಅವರು ಹಾಡುತ್ತಲೇ ನೋಡಿ, ಹಾಡಿನ ಬಿಡುವಿನಲ್ಲಿ “ಅಮ್ಮಿಣಿ, ಎಡಗಾಲು!” ಎನ್ನುತ್ತಾರೆ. ಈ ಕೊಂಗುನಾಡಿನಲ್ಲಿ ಮನೆಯ ಹೆಣ್ಣುಮಕ್ಕಳನ್ನೆಲ್ಲ ಪ್ರೀತಿಯಿಂದ ಕರೆಯುವುದೇ ಹೀಗೆ.

ನನ್ನ ಪಕ್ಕದಲ್ಲಿ ಕುಳಿತು ನೋಡುತ್ತಿದ್ದ ಒಬ್ಬ ಹೆಂಗಸು ಫೋನಿನಲ್ಲಿ ಮಗನೊಂದಿಗೆ ಮಾತಾಡುತ್ತಿದ್ದರು. ಮಾತಿನಲ್ಲಿ ಕನ್ನಡ ಕೇಳಿಸಿ ತಿರುಗಿದೆ. ಅವರು ನೆಗಮಂನ ದೇವಾಂಗ ನೇಕಾರರ ಮನೆಯವರು. ಪೊಳ್ಳಾಚಿ ಬಳಿಯ ನೆಗಮಂ ಹತ್ತಿ ಸೀರೆಗೆ ಹೆಸರಾದ ಊರು, 2023ರಲ್ಲಿ ಆ ಸೀರೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ಬಂತು. ಅಲ್ಲಿಯ ದೇವಾಂಗರು ತಲೆಮಾರುಗಳಿಂದ ಮಗ್ಗದ ಮುಂದೆ ಕುಳಿತು ಆಡುವ ಮನೆಮಾತು ಕನ್ನಡ. ತಮಿಳಿನ ನುಡಿಗಟ್ಟುಗಳನ್ನು ಕೂಡಿಸಿಕೊಂಡು, ನಮ್ಮ ಕಿವಿಗೆ ಹಳೆಯದೆನಿಸುವ ಕೆಲವು ರೂಪಗಳನ್ನು ಉಳಿಸಿಕೊಂಡು ಅದು ಬಾಳಿದೆ. ಅವರ ತಂಗಿಯನ್ನು ಈ ಊರಿಗೆ ಹತ್ತಿರದ ಪೇಟೆಗೆ ಕೊಟ್ಟಿದ್ದಾರಂತೆ. ತಂಗಿಯ ಮಗಳು ವೃತ್ತದಲ್ಲಿದ್ದಾಳೆ.

“ನಿಮ್ಮೂರಲ್ಲೂ ಕುಮ್ಮಿ ಇದೆಯಾ ಅಕ್ಕ?” ಎಂದು ಕೇಳಿದೆ.

“ನಮ್ಮದು ಚೌಡಮ್ಮನ ಹಬ್ಬ. ಆದರೂ ಮಕ್ಕಳು ಈಗ ಇದನ್ನೂ ಕಲಿತವೆ. ಕುಮ್ಮಿಗೆ ಇಳಿದ ಮೇಲೆ ಮನೇಲಿ ಯಾವ ಮಾತು ಅಂತ ಯಾರು ಕೇಳ್ತಾರೆ ಅಣ್ಣ? ಹೆಜ್ಜೆ ಸರಿ ಇದೆಯಾ ಅಂತ ಕೇಳ್ತಾರೆ, ಅಷ್ಟೆ.”

ಅಷ್ಟರಲ್ಲಿ ವಳ್ಳಿಯ ಕಥೆ ಶುರುವಾಗಿತ್ತು. ಬೇಡರ ಒಡೆಯ ನಂಬಿರಾಜನ ಸಾಕುಮಗಳು ವಳ್ಳಿ. ಬೆಟ್ಟದ ನವಣೆ ಹೊಲದಲ್ಲಿ ಅಟ್ಟಣೆ ಹತ್ತಿ, ಕವಣೆ ಬೀಸಿ, ಗಿಳಿ ನವಿಲುಗಳನ್ನು ಓಡಿಸುತ್ತ ಕಾವಲು ಕಾಯುವವಳು. ಅವಳನ್ನು ಮೆಚ್ಚಿ ಮುರುಗ ಬೇಟೆಗಾರನ ವೇಷದಲ್ಲಿ ಬರುತ್ತಾನೆ. ಹುಡುಗಿ ಒಲಿಯುವುದಿಲ್ಲ. ಮರವಾಗಿ ನಿಲ್ಲುತ್ತಾನೆ, ಆಮೇಲೆ ಹಣ್ಣುಹಣ್ಣು ಮುದುಕನಾಗಿ ಬಂದು ಹಸಿವೆ ಎನ್ನುತ್ತಾನೆ. ಅವಳು ನವಣೆಯ ಹಿಟ್ಟಿಗೆ ಜೇನು ಕಲಸಿ ಕೊಡುತ್ತಾಳೆ. ಕೊನೆಗೆ ಮುರುಗನ ಅಣ್ಣ ಗಣಪತಿ ಆನೆಯಾಗಿ ಬಂದು ಬೆದರಿಸಿದಾಗ ಮುದುಕನ ಆಸರೆಗೆ ಓಡುತ್ತಾಳೆ. ಈ ಒಂದೊಂದು ಘಟನೆಗೂ ಒಂದೊಂದು ಹಾಡು, ಒಂದೊಂದು ಹೆಜ್ಜೆ. ಹಕ್ಕಿ ಓಡಿಸುವ ಹಾಡು ಬಂದಾಗ ಹೆಂಗಸರ ಸುತ್ತು ಕವಣೆ ಬೀಸುವ ಭಂಗಿಯಲ್ಲಿ ಕೈ ಎತ್ತಿತು. ಕುರ್ಚಿಯಲ್ಲಿದ್ದ ಮುದುಕಿಯರು ಕುಳಿತಲ್ಲೇ ಕೈ ಬೀಸಿದರು. ಮುದುಕನ ವೇಷದ ಹಾಡಿಗೆ ಗಂಡಸರು ಬೆನ್ನು ಬಾಗಿಸಿ ನಡೆದಾಗ ಮಕ್ಕಳು ಕೇಕೆ ಹಾಕಿ ನಕ್ಕವು. ಮೂರು ಗಂಟೆ ಕಳೆದರೂ ವೃತ್ತ ಸಡಿಲಲಿಲ್ಲ.

ಕನ್ನಡದವರಿಗೆ ಈ ಕಥೆ ಹೊರಗಿನದಲ್ಲ. ಸತ್ಯಮಂಗಲದ ಕಾಡು ದಾಟಿ, ದಿಂಬಂ ಘಾಟಿ ಏರಿ ಚಾಮರಾಜನಗರದ ಕಡೆ ಹೋದರೆ ಬಿಳಿಗಿರಿರಂಗನ ಬೆಟ್ಟ. ಅಲ್ಲಿ ರಂಗನಾಥ ಸೋಲಿಗರ ಹೆಣ್ಣು ಕುಸುಮಾಲೆಗೆ ಮರುಳಾಗಿ ಅವಳನ್ನು ವರಿಸುತ್ತಾನೆ. ಸೋಲಿಗರು ಇವತ್ತಿಗೂ ರಂಗನನ್ನು ‘ಭಾವ’ ಎಂದೇ ಕರೆಯುತ್ತಾರೆ. ದೊಡ್ಡ ದೇವರು ಬೆಟ್ಟ ಹತ್ತಿ, ಕಾಡಿನ ಹುಡುಗಿಯ ಮುಂದೆ ಸೋತು, ಅವಳ ಜನಕ್ಕೆ ನೆಂಟನಾಗುವ ಕಥೆಯನ್ನು ಈ ಬೆಟ್ಟಗಳ ಎರಡೂ ಬದಿಯ ಜನ ಬೇರೆ ಬೇರೆ ಮಾತಿನಲ್ಲಿ ಕಟ್ಟಿಕೊಂಡು ಹಾಡಿದ್ದಾರೆ.

ಹೊಳೆಯ ಈ ದಡದಲ್ಲಿ ಹೆಣ್ಣಿನ ಕಥೆ ಹಾಡುವುದಕ್ಕೆ ಇನ್ನೂ ಆಳದ ಬೇರಿದೆ. ಆನೈಮಲೈಯಲ್ಲಿ ಆಳಿಯಾರಿಗೆ ಉಪ್ಪಾರ್ ಕೂಡುವ ಕಡೆ ಮಾಸಾಣಿಯಮ್ಮನ ಗುಡಿ. ದೇವಿ ಇಲ್ಲಿ ನಿಂತಿಲ್ಲ, ಕುಳಿತಿಲ್ಲ. ನೆಲದ ಮೇಲೆ ಅಂಗಾತ ಮಲಗಿದ್ದಾಳೆ. ಅದರ ಹಿಂದೊಂದು ಹಳೆಯ ಕಥೆಯಿದೆ. ನನ್ನನ್ ಎಂಬ ಅರಸನ ಕಾವಲಿನ ಮಾವಿನ ಮರದ ಹಣ್ಣೊಂದು ಹೊಳೆಯಲ್ಲಿ ತೇಲಿ ಬಂತು. ಸ್ನಾನಕ್ಕೆ ಇಳಿದ ಹುಡುಗಿ ಅದನ್ನು ತಿಂದಳು. ಅರಸ ಅವಳಿಗೆ ಮರಣದಂಡನೆ ಕೊಟ್ಟ. ಅವಳ ತಂದೆ ಎಂಬತ್ತೊಂದು ಆನೆ ಮತ್ತು ಮಗಳ ತೂಕದ ಚಿನ್ನದ ಬೊಂಬೆ ಕೊಡುತ್ತೇನೆಂದರೂ ಅರಸ ಬಿಡಲಿಲ್ಲ. ಸಂಗಂ ಕಾಲದ ‘ಕುರುಂತೊಗೈ’ ಸಂಕಲನದಲ್ಲಿ ಪರಣರ್ ಎಂಬ ಕವಿ ಈ ಅನ್ಯಾಯವನ್ನು ನೆನೆಯುತ್ತಾನೆ. ಊರವರು ಆ ಹುಡುಗಿಯೇ ಮಾಸಾಣಿ ಎಂದು ನಂಬಿದ್ದಾರೆ. ನ್ಯಾಯ ಸಿಗದ ಹೆಂಗಸರು ಇಂದಿಗೂ ಇಲ್ಲಿಗೆ ಬಂದು, ಕೆಂಪು ಮೆಣಸಿನಕಾಯಿ ಅರೆದು, ಅಲ್ಲಿಯ ನೀತಿಕಲ್ಲಿಗೆ ಬಳಿಯುತ್ತಾರೆ. ತೈ ಅಮಾವಾಸ್ಯೆಗೆ ಧ್ವಜ ಏರಿದರೆ ಎರಡು ವಾರಕ್ಕೂ ಮಿಕ್ಕ ಜಾತ್ರೆ. ಹೊಳೆದಡದಲ್ಲಿ ನಡುರಾತ್ರಿಯ ಮಸಣಪೂಜೆ, ಕೊನೆಗೆ ಕೊಂಡ ಹಾಯುವುದು. ಆ ದಿನಗಳಲ್ಲಿ ದಡದುದ್ದಕ್ಕೂ ಪರೈ ತಮಟೆ ಮತ್ತು ಉಡುಕ್ಕೈ ಸದ್ದು ಆರುವುದಿಲ್ಲ.

ಉಡುಕ್ಕೈ ಎಂದರೆ ಒಂದೇ ಕೈಯಲ್ಲಿ ಹಿಡಿದು, ಹಗ್ಗವನ್ನು ಬಿಗಿದು ಸಡಿಲಿಸಿ ದನಿ ಏರಿಳಿಸುವ ಸಣ್ಣ ವಾದ್ಯ. ಕೊಂಗುನಾಡಿನ ಮಹಾಕಥೆಯಾದ ಅಣ್ಣನ್ಮಾರ್ ಕಥೈ, ಎಂದರೆ ಪೊನ್ನರ್ ಶಂಕರರ ಕಥೆ, ಇದರ ಮೇಲೆ ರಾತ್ರಿಗಟ್ಟಲೆ ನಡೆಯುತ್ತದೆ. ಈಗ ತಿರುಪ್ಪೂರು ಜಿಲ್ಲೆಗೆ ಸೇರಿದ ಕಾಂಗೇಯಂ ಬಳಿಯ ಓಲಪ್ಪಾಳಯದಲ್ಲಿ 1965ರಲ್ಲಿ ಬ್ರೆಂಡಾ ಬೆಕ್ ಎಂಬ ಮಾನವಶಾಸ್ತ್ರಜ್ಞೆ ಆ ಹಾಡನ್ನು ಹಲವು ರಾತ್ರಿ ಕೂತು ಟೇಪಿಗೆ ಹಿಡಿದರು. ನಮ್ಮಲ್ಲಿ ಜೀ.ಶಂ. ಪರಮಶಿವಯ್ಯನವರು ನೀಲಗಾರರ ಬಾಯಿಂದ ಮಂಟೇಸ್ವಾಮಿ ಕಾವ್ಯವನ್ನು, ಪಿ.ಕೆ. ರಾಜಶೇಖರ ಅವರು ದೇವರಗುಡ್ಡರ ಬಾಯಿಂದ ಮಾದೇಶ್ವರನ ಕಾವ್ಯವನ್ನು ಬರೆದುಕೊಂಡ ಕೆಲಸದ ಬೆಲೆ ಗೊತ್ತಿರುವವರಿಗೆ, ಆ ಟೇಪಿನ ಬೆಲೆಯೂ ಗೊತ್ತಾಗುತ್ತದೆ. ಹಾಡುವವನ ಉಸಿರು ನಿಂತರೆ ಪುಸ್ತಕವೊಂದೇ ಅವನನ್ನು ಮರಳಿ ತರಲಾರದು. ದನಿಯೂ ಉಳಿಯಬೇಕು, ಹಾಡುವ ಹೊಸ ಬಾಯಿಯೂ ಹುಟ್ಟಬೇಕು.

ಕುಮ್ಮಿಯ ವೃತ್ತದಲ್ಲಿ ನಾನು ನೋಡಿದ ಸಂತೋಷ ಅದು: ಹೊಸ ಬಾಯಿ ಹುಟ್ಟುತ್ತಿದೆ. ಈ ಕಲೆಗೆ ಹೆಣ್ಣುಮಕ್ಕಳು ಹೀಗೆ ಬಂದದ್ದು ತಾನಾಗಿ ಅಲ್ಲ. ಇದೇ ಕೊಯಮತ್ತೂರು ಜಿಲ್ಲೆಯ ಇನ್ನೊಂದು ತುದಿಯಲ್ಲಿ, ಭವಾನಿ ಹೊಳೆಯ ಸೀಮೆಯಲ್ಲಿ, ಮೇಟ್ಟುಪಾಳಯಂ ಬಳಿಯ ತೇಕ್ಕಂಪಟ್ಟಿಯ ಬದ್ರಪ್ಪನ್ ಅವರು ಗಂಡಸರದ್ದೇ ಆಗಿದ್ದ ವಳ್ಳಿ ಒಯಿಲ್ ಕುಮ್ಮಿಗೆ ಹೆಣ್ಣುಮಕ್ಕಳನ್ನು ಕರೆತಂದು ತರಬೇತಿ ಕೊಟ್ಟರು. ಹಾಡಿನೊಳಗೆ ಸಮಾಜದ ಸಂಗತಿಗಳನ್ನೂ ದೇಶದ ಚರಿತ್ರೆಯನ್ನೂ ತಂದರು. 2024ರಲ್ಲಿ ಅವರಿಗೆ ಪದ್ಮಶ್ರೀ ಘೋಷಣೆಯಾದಾಗ ಅವರ ವಯಸ್ಸು 87. ವಳ್ಳಿಯ ಕಥೆಯನ್ನು ವಳ್ಳಿಯ ಬಳಗವೇ, ಎಂದರೆ ಹೆಂಗಸರೇ, ಕುಣಿಯಬೇಕೆಂದು ಒಬ್ಬ ಗುರು ಬಾಗಿಲು ತೆರೆದ. ಆ ಬಾಗಿಲಿನಿಂದ ಇವತ್ತು ಊರೂರಿನ ಅಜ್ಜಿ ಮೊಮ್ಮಗಳು ಒಟ್ಟಿಗೆ ಒಳಗೆ ಬಂದಿದ್ದಾರೆ.

ಇನ್ನೂ ತೆರೆಯದ ಬಾಗಿಲುಗಳಿವೆ. ಆ ರಾತ್ರಿ ಕುಮ್ಮಿಗೆ ಮೊದಲು ಊರನ್ನು ಕೂಡಿಸಿದ್ದು ಪರೈ ಬಡಿದ ನಾಲ್ವರು ಯುವಕರು. ಬೆಂಕಿಗೆ ಚರ್ಮ ಕಾಯಿಸಿ, ಬೆರಳಿನಿಂದ ತಟ್ಟಿ ನೋಡಿ, ಬಾರಿಸಿದ ಅವರ ಪೆಟ್ಟಿಗೆ ತೋಟದಾಚೆಯ ಮನೆಗಳಿಂದಲೂ ಜನ ಬಂದರು. ಕುಮ್ಮಿ ಶುರುವಾದ ಮೇಲೆ ಆ ಯುವಕರು ಬಯಲಿನ ಅಂಚಿಗೆ ಸರಿದು ನಿಂತೇ ನೋಡಿದರು. ಯಾರೂ ಅವರನ್ನು ತಳ್ಳಲಿಲ್ಲ, ಯಾರೂ ಕರೆಯಲೂ ಇಲ್ಲ. ಕುಮ್ಮಿಯ ವೃತ್ತವನ್ನು ಜಾತಿಯ ಬೇಲಿ ಮಾಡಿಕೊಳ್ಳುವ ಮಾತು ಕೊಂಗುನಾಡಿನಲ್ಲಿ ಕೇಳಿಬರುತ್ತಿದೆ. ಕುಣಿಯಲು ಬಂದ ಹುಡುಗಿಯರಿಂದ ಸ್ವಜಾತಿಯಲ್ಲೇ ಮದುವೆಯಾಗುವ ಪ್ರಮಾಣ ಮಾಡಿಸುವ ಮಾತು 2024ರಲ್ಲಿ ದೊಡ್ಡ ಚರ್ಚೆಯಾಯಿತು. ಬೇಡರ ಹುಡುಗಿಯನ್ನು ಕೈಹಿಡಿದ ದೇವರ ಮದುವೆಯನ್ನು ಮೂರು ಗಂಟೆ ಹಾಡಿ, ಕೊನೆಗೆ ಅಂಥ ಪ್ರಮಾಣ ಮಾಡಿಸುವುದು ಹಾಡಿಗೆ ಬಗೆಯುವ ದ್ರೋಹ.

ಮರುದಿನ ಬೆಟ್ಟ ಹತ್ತಿದೆ. ಹಾಡಿನಲ್ಲಿ ಬಂದ ಬೆಟ್ಟ ಕಣ್ಣೆದುರೇ ಇರುವಾಗ ನೋಡದೆ ಹಿಂದಿರುಗಲು ಮನಸ್ಸಾಗಲಿಲ್ಲ. ಆಳಿಯಾರ್ ಅಣೆಕಟ್ಟಿನ ಮಗ್ಗುಲಿನಿಂದ ಬೆಟ್ಟದ ಮೇಲಿನ ವಾಲ್ಪಾರೈವರೆಗೆ 40 ಹೇರ್‌ಪಿನ್ ತಿರುವು. ಒಂಬತ್ತನೆಯ ತಿರುವಿನಲ್ಲಿ ಬಸ್ಸು ನಿಧಾನಿಸಿದಾಗ ಕೆಳಗೆ ಜಲಾಶಯ, ಅದರಾಚೆಗೆ ನಿನ್ನೆಯ ತೆಂಗಿನ ಸೀಮೆ ಪೂರ್ತಿ ಕಾಣಿಸಿತು. ರಸ್ತೆಬದಿಯ ಬಂಡೆಯ ಮೇಲೆ ವರೆಯಾಡು ಎಂಬ ಕಾಡುಮೇಕೆಗಳು ಬಸ್ಸಿಗೆ ಹೆದರದೆ ಹುಲ್ಲು ಮೇಯುತ್ತಿದ್ದವು. ಈ ಬೆಟ್ಟದ ನೀರು ಪರಂಬಿಕ್ಕುಳಂ ಆಳಿಯಾರ್ ಯೋಜನೆಯ ಸುರಂಗ, ಕಾಲುವೆಗಳಲ್ಲಿ ಹರಿದು ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳ ಒಣನೆಲವನ್ನು ಹಸಿರು ಮಾಡಿದೆ. ಉಳಿದ ಹೊಳೆ ಕೇರಳಕ್ಕೆ ಇಳಿದು ಭಾರತಪ್ಪುಳ ಸೇರುತ್ತದೆ. ಕೆಳಗಿನ ಪ್ರತಿಯೊಂದು ತೆಂಗಿಗೂ ಈ ಬೆಟ್ಟದ ಋಣವಿದೆ.

ಮೇಲೆ ಹೋದಂತೆ ಕಾಡು ಹಿಂದೆ ಸರಿದು ಚಹಾ ತೋಟ ಬಂತು. ಗುಡ್ಡದ ಮೇಲೆ ಗುಡ್ಡ, ಎಲ್ಲವೂ ಒಂದೇ ಎತ್ತರಕ್ಕೆ ಕತ್ತರಿಸಿದ ಹಸಿರು, ನಡುನಡುವೆ ಸಿಲ್ವರ್ ಓಕ್. 1890ರ ದಶಕದಿಂದ ಇಲ್ಲಿ ಮಳೆಕಾಡನ್ನು ಕಡಿದು ಮೊದಲು ಕಾಫಿ, ಆಮೇಲೆ ಚಹಾ ಬೆಳೆಸಿದರು. ಕೂಲಿಯಾಳು ಕೂಡಿಸುವ ಕಂಗಾಣಿಗಳು ಬಯಲುಸೀಮೆಯ ಬಡವರನ್ನು ಮುಂಗಡದ ಆಸೆ ತೋರಿಸಿ ಬೆಟ್ಟ ಹತ್ತಿಸಿದರು. ಅವರಲ್ಲಿ ಹೆಚ್ಚಿನವರು ದಲಿತರು. ಚಳಿ, ಜಿಗಣೆ, ಮಲೇರಿಯಾ, ತೀರದ ಸಾಲ. ತೋಟದ ವೈದ್ಯರಾಗಿದ್ದ ಪಿ.ಎಚ್. ಡೇನಿಯಲ್ 1969ರಲ್ಲಿ ‘ರೆಡ್ ಟೀ’ ಕಾದಂಬರಿಯಲ್ಲಿ ಆ ಬದುಕನ್ನು ಬರೆದರು. ತಮಿಳಿನಲ್ಲಿ ಅದು ‘ಎರಿಯುಂ ಪನಿಕ್ಕಾಡು’ ಆಯಿತು. ಲೈನ್ ಮನೆಗಳ ನಡುವೆ ಕಾರ್ಮಿಕರು ಕಟ್ಟಿಕೊಂಡ ಮಾರಿಯಮ್ಮನ ಗುಡಿಗಳಿವೆ. ಕರಗ, ಪರೈ, ಮೊಳಕೆಯ ಕುಡಿಕೆ ಹೊರುವ ಮುಳೈಪಾರಿಯ ಹಾಡು ಅವರೊಂದಿಗೇ ಬೆಟ್ಟ ಹತ್ತಿದವು, ಇಂದಿಗೂ ಹಬ್ಬದ ರಾತ್ರಿ ಆ ಅಂಗಳಗಳಲ್ಲಿ ಮೊಳಗುತ್ತವೆ.

ಅವರಿಗಿಂತ ಮೊದಲಿನಿಂದ ಈ ಬೆಟ್ಟದಲ್ಲಿ ಇರುವವರು ಕಾಡರು, ಮಲಸರು, ಮಲೈಮಲಸರು, ಮುದುವರು. ಕಾಡರ ಹಾಡಿಗಳು ವಾಲ್ಪಾರೈ ಸುತ್ತಲಿನ ಕಾಡಿನಂಚಿನಲ್ಲೂ ಗಡಿಯಾಚೆ ಚಾಲಕ್ಕುಡಿ ಹೊಳೆಯ ಉದ್ದಕ್ಕೂ ಇವೆ. ಜೇನು, ಗೆಡ್ಡೆಗೆಣಸು, ಮೀನು ಅವರ ಹಳೆಯ ಬದುಕು. ಮದುವೆಯಾಗುವ ಹುಡುಗ ಬಿದಿರಿನ ಬಾಚಣಿಗೆ ಕೆತ್ತಿ ಹುಡುಗಿಗೆ ಕೊಡುವುದು ಅವರ ಹಳೆಯ ಪದ್ಧತಿ. ಹೆಂಗಸರು ಅರ್ಧವೃತ್ತವಾಗಿ ನಿಂತು, ಉಟ್ಟ ಬಟ್ಟೆಯ ಸೆರಗನ್ನು ತುದಿಬೆರಳಲ್ಲಿ ಹಿಡಿದು ಬೀಸುತ್ತ ಕುಣಿಯುತ್ತಾರೆ. ಗಂಡಸರು ಚರ್ಮವಾದ್ಯ ಬಾರಿಸಿ ಕೊಳಲು ಊದುತ್ತಾರೆ. ಕುಮ್ಮಿಯಂತೆ ಮೂರು ಗಂಟೆಯ ಸಡಗರವಲ್ಲ ಅದು. ತಗ್ಗಿದ ದನಿ, ಮತ್ತೆ ಮತ್ತೆ ಮರಳುವ ಸಣ್ಣ ಸಾಲು, ನಿಧಾನದ ತೂಗು.

ತೋಟಕ್ಕೆ ರಜೆಯಾದ ಭಾನುವಾರ ವಾಲ್ಪಾರೈ ಪೇಟೆ ತುಂಬುತ್ತದೆ. ಒಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕಾಡರ ಹಿರಿಯರೊಬ್ಬರು ಸಿಕ್ಕರು. ಜೊತೆಗಿದ್ದ ಪರಿಚಯದವರು ನನ್ನ ಮಾತನ್ನು ಅವರಿಗೆ ತಿಳಿಸಿ, ಅವರ ಮಾತನ್ನು ನನಗೆ ಹೇಳಿದರು. ಕೆಳಗಿನ ಊರಲ್ಲಿ ವಳ್ಳಿಯ ಹಾಡು ಕೇಳಿ ಬಂದೆ ಎಂದೆ. ಅವರು ನಕ್ಕು, “ನಮ್ಮ ಹುಡುಗಿ ಅವಳು” ಎಂದರು. ಸ್ವಲ್ಪ ಹೊತ್ತು ಚಹಾ ಕುಡಿದು ಮತ್ತೆ ಮಾತಾಡಿದರು: “ನಮ್ಮ ಹಾಡು ಕೇಳೋಕೆ ಬರ್ತಾರೆ. ಮೈಕು, ಕ್ಯಾಮೆರಾ ತರ್ತಾರೆ. ಹಾಡಿಸಿಕೊಂಡು ಹೋಗ್ತಾರೆ. ಊರ ಹಬ್ಬಕ್ಕೆ ಮಾತ್ರ ‘ನೀವೂ ಬನ್ನಿ, ನೀವೂ ಕುಣೀರಿ’ ಅಂತ ಯಾರೂ ಕರೆಯೋದಿಲ್ಲ.”

ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಇದ್ದದ್ದನ್ನು ಇದ್ದಂತೆ ಹೇಳಿದ್ದರು. 2019ರ ಮಳೆಗೆ ಕಲ್ಲಾರ್ ಹಾಡಿಯ ನೆಲ ಕುಸಿದಾಗ ಅಲ್ಲಿಯ ಕಾಡರು ತೆಪ್ಪಕ್ಕುಳಮೇಡಿನಲ್ಲಿ ನೆಲೆ ಕೇಳಿದರು. 2006ರ ಅರಣ್ಯ ಹಕ್ಕು ಕಾಯ್ದೆ ಅವರ ಪರವಾಗಿದ್ದರೂ, ತಮ್ಮದೇ ಕಾಡಿನಲ್ಲಿ ಒಂದು ತುಂಡು ನೆಲಕ್ಕಾಗಿ ಅವರು ವರ್ಷಗಟ್ಟಲೆ ಹೋರಾಡಬೇಕಾಯಿತು. ನೆಲೆ ತಪ್ಪಿದ ಜನರ ಹಾಡು ಎಷ್ಟು ಕಾಲ ಉಳಿದೀತು? ಕಾಡರ ಮಕ್ಕಳು ಶಾಲೆಯಲ್ಲಿ ತಮಿಳು ಕಲಿಯುತ್ತಾರೆ, ಮನೆಯಲ್ಲಿ ತಮ್ಮದೇ ಮಾತು ಕೇಳುತ್ತಾರೆ. ಆ ಮಾತಿಗೆ ಹಬ್ಬದ ಅಂಗಳದಲ್ಲಿ ಮರ್ಯಾದೆ ಸಿಕ್ಕರೆ ಅದನ್ನು ಆಡಲು ಮಕ್ಕಳು ನಾಚುವುದಿಲ್ಲ. ನೆಗಮಂನ ಮಗ್ಗದ ಮನೆಗಳಲ್ಲಿ ಕನ್ನಡ ಉಳಿದದ್ದು ಆಡುವವರು ಅದಕ್ಕೆ ನಾಚದೆ ಇದ್ದುದರಿಂದ. ಸಣ್ಣ ಮಾತುಗಳು ಬದುಕುವ ದಾರಿ ನಮಗೆ, ಹೊರನಾಡಿನ ಕನ್ನಡಿಗರಿಗೆ, ಚೆನ್ನಾಗಿ ಗೊತ್ತು.

ಪರಂಪರೆಯ ಕೂಟವೆಂದರೆ ಹಳೆಯದನ್ನು ಮತ್ತೆ ಆಡಿ ತೋರಿಸುವುದಷ್ಟೇ ಅಲ್ಲ. ಯಾರನ್ನು ಹಾಡುತ್ತೇವೋ ಅವರನ್ನು ಕರೆದು ಪಕ್ಕದಲ್ಲಿ ನಿಲ್ಲಿಸಿಕೊಳ್ಳುವುದೂ ಅದರ ಕೆಲಸ. ಆಳಿಯಾರ್ ದಡದ ಊರುಗಳು ಮುಂದಿನ ತೈ ತಿಂಗಳಿಗೆ ಹೀಗೆ ಮಾಡಲಿ: ಗಣಪತಿಯ ಹಾಡಾದ ಮೇಲೆ ಮೊದಲ ಸುತ್ತು ಬೆಟ್ಟದವರದಾಗಲಿ. ಕಾಡರ ಕೊಳಲು, ಮುದುವರ ಹಾಡು, ತೋಟದ ಕಾರ್ಮಿಕರ ಪರೈ ಅವರವರ ಹೆಸರಿನಲ್ಲೇ ಮೈಕಿನಲ್ಲಿ ಕೇಳಿಸಲಿ. ಬಂದವರಿಗೆ ದಾರಿಖರ್ಚು, ಸಂಭಾವನೆ, ಕುರ್ಚಿ, ಎಲ್ಲರ ಪಂಕ್ತಿಯಲ್ಲೇ ಊಟ ಇರಲಿ. ಪರೈ ಬಾರಿಸಿದ ಯುವಕರು ವಾದ್ಯ ಕೆಳಗಿಟ್ಟು ಒಳಸುತ್ತಿಗೆ ಇಳಿಯಲಿ. ಹಾಡನ್ನು ಮೈಕು, ಕ್ಯಾಮೆರಾದಲ್ಲಿ ಹಿಡಿದುಕೊಂಡವರು ಅದರ ಪ್ರತಿಯನ್ನು ಹಾಡಿದವರಿಗೇ ಒಪ್ಪಿಸಲಿ. ಇವಕ್ಕೆ ದೊಡ್ಡ ಸಂಸ್ಥೆ ಬೇಡ, ಸರ್ಕಾರದ ಆದೇಶ ಬೇಡ. ಹೆಣ್ಣುಮಕ್ಕಳಿಗೆ ಬಾಗಿಲು ತೆರೆಯಲು ಒಬ್ಬ ಹಳ್ಳಿಯ ಗುರುವಿಗೆ ಸಾಧ್ಯವಾಯಿತು. ಬೆಟ್ಟದವರಿಗೆ ಬಾಗಿಲು ತೆರೆಯಲು ಊರೂರಿನ ವಾದ್ಯಾರ್‌ಗಳಿಗೂ ಸಾಧ್ಯ.

ಪೊಳ್ಳಾಚಿಯಿಂದ ವಾಲ್ಪಾರೈಗೆ 64 ಕಿಲೋಮೀಟರ್. ದಿನವೂ ಬಸ್ಸುಗಳಿವೆ. ಕೆಳಗಿನಿಂದ ಕರೆ ಹೋಗಬೇಕು.